ಮಂಕಿಗೆ ಮದ್ದು, ಮಗಳಿಗೆ ತುತ್ತು
(ಬಾನುಲಿ ಭಾಷಣ)

ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದವರು ಸಾಮಾನ್ಯವಾಗಿ ಬಸದಿಗಳನ್ನು ಸುತ್ತಿ, ಎದುರು ಬೆಟ್ಟದ ಗೊಮ್ಮಟನಿಗೆ ದೂರದಿಂದಲೇ ಕೈಮುಗಿದು ಇಳಿದುಬಿಡುತ್ತಾರೆ. ಅಲ್ಲಿಯ ಶಾಸನಗಳ ಮುಂದೆ ನಿಲ್ಲುವವರು ಕಡಮೆ. ಆ ಶಾಸನಗಳಲ್ಲಿ ಒಂದು, ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ತಾಯಿ ಮಾಚಿಕಬ್ಬೆಯ ಕೊನೆಯ ದಿನಗಳನ್ನು ಹೇಳುತ್ತದೆ. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದಮೇಲೆ ತಾನು ಉಳಿಯಲಾರೆನೆಂದು ತಾಯಿ ಬೆಳಗೊಳಕ್ಕೆ ಬಂದಳು. ಸನ್ಯಸನವನ್ನು ಕೈಕೊಂಡು, ಒಂದು ತಿಂಗಳ ಕಾಲ ಆಹಾರವನ್ನು ತೊರೆದು ದೇಹವನ್ನು ಬಿಟ್ಟಳು.

ಅದು ವ್ರತ. ಅದಕ್ಕೆ ನಮ್ಮ ಕಾಲದ ರೋಗದ ಹೆಸರನ್ನು ಅಂಟಿಸುವುದು ಅವಿವೇಕವಾದೀತು. ಆದರೂ ಒಬ್ಬ ಹೆಂಗಸಿನ ದುಃಖವನ್ನೂ ಅವಳ ಊಟವನ್ನೂ ಒಂದೇ ಕಡೆ ಹೇಳಿದ ಆ ಕಲ್ಲಿನ ಮುಂದೆ ನಿಂತಾಗ ನನ್ನ ಮನಸ್ಸು ಬೇರೊಂದು ಕಡೆಗೆ ಹೋಯಿತು. ಅದೇ ಬೆಟ್ಟದ ಮೇಲೆ ಇನ್ನೊಬ್ಬ ಹೆಂಗಸಿನ ಶಾಸನವಿದೆ. ದಂಡನಾಯಕ ಗಂಗರಾಜನ ಹೆಂಡತಿ ಲಕ್ಷ್ಮೀಮತಿ 1121ರಲ್ಲಿ ತೀರಿಕೊಂಡವಳು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಸಂತೋಷ ಪಡುತ್ತಿದ್ದವಳೆಂದು ಅವಳ ಹೊಗಳಿಕೆ. ಜೈನರಲ್ಲಿ ಈ ನಾಲ್ಕನ್ನು ಒಟ್ಟಿಗೇ ಹೇಳುವುದು ರೂಢಿ. ಅನ್ನವೊಂದನ್ನೇ ಕೊಟ್ಟರೆ ಸಾಲದು, ಔಷಧವೊಂದನ್ನೇ ಕೊಟ್ಟರೂ ಸಾಲದು, ಅಂಜಿಕೆಯನ್ನು ತೆಗೆಯಬೇಕು, ತಿಳಿವಳಿಕೆಯನ್ನೂ ಕೊಡಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಬೆಟ್ಟದ ಮೇಲೆ ಒಂಬತ್ತು ನೂರು ವರ್ಷಗಳ ಹಿಂದೆ ಕೆತ್ತಿದ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ಹಾಸನದ ಸೀಮೆಯಲ್ಲಿ ಹರೆಯದ ಹೆಣ್ಣುಮಕ್ಕಳ ಮನಸ್ಸಿನ ಬೇಸರಕ್ಕೆ ಯಾವ ಮದ್ದು ಕೊಡುತ್ತಿದ್ದರು, ಅವರ ತಟ್ಟೆಯಲ್ಲಿ ಏನಿತ್ತು ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿಕೊಳ್ಳಬೇಕೆಂದಿದ್ದೇನೆ. ಇವು ಎರಡಲ್ಲ, ಒಂದೇ ಪ್ರಶ್ನೆ ಎಂಬುದು ನನಗೆ ತಡವಾಗಿ ಹೊಳೆಯಿತು.

ಮೊದಲು ಹೆಸರಿನ ವಿಚಾರ. ಖಿನ್ನತೆ ಎಂಬ ಮಾತು ನಮ್ಮ ಮನೆಗಳಿಗೆ ಬಂದದ್ದು ಈಚೆಗೆ, ಪತ್ರಿಕೆಗಳ ಮೂಲಕ. ನಮ್ಮ ಕಡೆಯ ಹೆಂಗಸರು ಬೇಸರ, ಬೇಜಾರು ಎನ್ನುತ್ತಿದ್ದರು. ಇನ್ನೂ ಹೆಚ್ಚಾದರೆ ಮಂಕು ಎನ್ನುತ್ತಿದ್ದರು. ಮಂಕು ಕವಿಯಿತು, ಮಂಕು ಹಿಡಿಯಿತು. ದೀಪಕ್ಕೂ ಮನಸ್ಸಿಗೂ ಒಂದೇ ಶಬ್ದ. ಅದೂ ಮೀರಿದರೆ ಗಾಳಿ ಸೋಕಿತು, ಗರ ಬಡಿಯಿತು. ಅಲ್ಲಿಂದ ಮುಂದೆ ಮದ್ದಿನ ಕೆಲಸ ಮುಗಿದು ಮಂತ್ರದ ಕೆಲಸ ಆರಂಭ. ಸಂಸ್ಕೃತದ ವಿಷಾದ ಎಂಬ ಮಾತಿಗೆ ಇರುವ ಘನತೆ ಈ ಮಂಕಿಗೆ ಎಂದೂ ಬರಲಿಲ್ಲ. ಅರ್ಜುನನಿಗೆ ವಿಷಾದ ಬಂದರೆ ಒಂದು ಗೀತೆಯೇ ಹುಟ್ಟಿತು. ಅರಕಲಗೂಡಿನ ಹಳ್ಳಿಯ ಸೊಸೆಗೆ ಮಂಕು ಬಂದರೆ ಅವಳಿಗೆ ಸಿಕ್ಕುತ್ತಿದ್ದುದು ಬೈಗುಳ.

ವೈದ್ಯಶಾಸ್ತ್ರ ಮಾತ್ರ ವಿಷಾದವನ್ನು ಹಗುರವಾಗಿ ಕಂಡಿಲ್ಲ. ಚರಕಸಂಹಿತೆಯು ವಾತದಿಂದ ಬರುವ ಎಂಬತ್ತು ವಿಕಾರಗಳ ಪಟ್ಟಿಯಲ್ಲಿ ವಿಷಾದವನ್ನೂ ಸೇರಿಸಿದೆ. ಅದೇ ಗ್ರಂಥದ ಸೂತ್ರಸ್ಥಾನದಲ್ಲಿ ಇನ್ನೊಂದು ಸ್ವಾರಸ್ಯವಾದ ಪಟ್ಟಿ ಬರುತ್ತದೆ: ಯಾವ ಯಾವ ಗುಣದಲ್ಲಿ ಯಾವುದು ಅಗ್ರಗಣ್ಯ ಎಂಬುದು. ರೋಗವನ್ನು ಬೆಳೆಸುವವುಗಳಲ್ಲಿ ವಿಷಾದವೇ ಮೊದಲು ಎಂದು ಅಲ್ಲಿದೆ. ಬಲವನ್ನು ಕೊಡುವವುಗಳಲ್ಲಿ ಆರೂ ರಸಗಳನ್ನು ಉಣ್ಣುವ ಅಭ್ಯಾಸ ಮೊದಲು, ಬಲವನ್ನು ಕುಂದಿಸುವವುಗಳಲ್ಲಿ ಒಂದೇ ರಸವನ್ನು ಉಣ್ಣುತ್ತಿರುವುದು ಮೊದಲು ಎಂಬ ಮಾತೂ ಅದೇ ಪಟ್ಟಿಯಲ್ಲಿದೆ. ಮನಸ್ಸನ್ನೂ ತಟ್ಟೆಯನ್ನೂ ಬೇರೆ ಬೇರೆ ಇಲಾಖೆಗಳಿಗೆ ಹಂಚುವ ಅಭ್ಯಾಸ ಆ ಕಾಲಕ್ಕೆ ಇರಲಿಲ್ಲ.

ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆ ದೊಡ್ಡದು. ಚಾವುಂಡರಾಯನೆಂಬ ಕವಿ 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಯೂ ಇದೆ, ವೈದ್ಯವೂ ಇದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು, ಮದ್ಯ, ಮಾಂಸ, ಜೇನು ಈ ಮೂರನ್ನೂ ಬಿಟ್ಟು ಚಿಕಿತ್ಸೆ ಹೇಳುವುದು ಅದರ ವೈಶಿಷ್ಟ್ಯ. ಕೀರ್ತಿವರ್ಮನ ‘ಗೋವೈದ್ಯ’ ಹಸುಗಳಿಗೆ. ಅಭಿನವಚಂದ್ರನ ಗ್ರಂಥ ಕುದುರೆಗಳಿಗೆ. ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ ಎಳೆಯ ಮಕ್ಕಳಿಗೆ. ಹೊಯ್ಸಳ ನಾಡಿನ ಮುಗುಳಿಪುರದವನೆಂದು ಹೇಳಿಕೊಂಡ ಮಂಗರಾಜನು ಹದಿನಾಲ್ಕನೆಯ ಶತಮಾನದಲ್ಲಿ ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ಹಸುವಿಗೊಂದು, ಕುದುರೆಗೊಂದು, ಕೂಸಿಗೊಂದು, ಹಾವು ಕಚ್ಚಿದವನಿಗೊಂದು. ಹದಿನೈದರಿಂದ ಇಪ್ಪತ್ತರ ವಯಸ್ಸಿನ ಹುಡುಗಿಗೆಂದೇ ಬರೆದ ಹಳೆಯ ಕನ್ನಡ ವೈದ್ಯಗ್ರಂಥವನ್ನು ನಾನು ಕಂಡಿಲ್ಲ.

ಹಾಗಾದರೆ ಅವಳ ವೈದ್ಯ ಎಲ್ಲಿತ್ತು? ಅಡುಗೆಮನೆಯಲ್ಲಿತ್ತು, ಹಿತ್ತಲಲ್ಲಿತ್ತು, ಅಜ್ಜಿಯರ ನಾಲಗೆಯ ತುದಿಯಲ್ಲಿತ್ತು. ಅದನ್ನು ಗ್ರಂಥಗಳಿಂದ ತೋರಿಸಲಾಗದು, ಕಂಡದ್ದನ್ನು ಹೇಳಬೇಕು. ಆದ್ದರಿಂದ ನನ್ನ ಮನೆಯ ಒಂದು ಪ್ರಸಂಗವನ್ನು ಹೇಳುತ್ತೇನೆ, ಕೇಳುವವರು ಕ್ಷಮಿಸಬೇಕು.

ನಮ್ಮದು ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿಗೆ ಹತ್ತಿರದ ಹಳ್ಳಿ. ನನ್ನ ಕಿರಿಯ ಸೋದರತ್ತೆಯನ್ನು ಹದಿನಾರಕ್ಕೆ ಅರಕಲಗೂಡಿನ ಕಡೆಗೆ ಕೊಟ್ಟಿದ್ದರು. ಎರಡು ವರ್ಷದ ಮೇಲೆ, 1956ರ ಮಳೆಗಾಲದಲ್ಲಿ, ಅವಳನ್ನು ತವರಿಗೆ ತಂದು ಬಿಟ್ಟುಹೋದರು. ನಾನಾಗ ಎಂಟು ವರ್ಷದವನು. ನಗುನಗುತ್ತ ಹೋದ ಅತ್ತೆ ಬಂದಾಗ ಕಂಬಕ್ಕೆ ಒರಗಿ ಕೂತರೆ ಕೂತಂತೆಯೇ ಇರುತ್ತಿದ್ದಳು. ತಲೆ ಬಾಚಿದರೆ ಬಾಚಿಸಿಕೊಳ್ಳುವಳು, ಬಿಟ್ಟರೆ ಇಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ಎಚ್ಚರವಿಲ್ಲ. ಸಣ್ಣ ಕೊಡ ಎತ್ತಿದರೂ ಏದುಸಿರು. ಊರಿನವರು ಗಾಳಿ ಎಂದರು. ಹೊಳೆಯ ಕಡೆಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಬಂದಿರಬೇಕು ಎಂದು ಒಬ್ಬರು, ಯಾರೋ ಮಾಡಿಸಿದ್ದಾರೆ ಎಂದು ಇನ್ನೊಬ್ಬರು. ತಾಯತವೂ ಬಂತು.

ಅಜ್ಜಿ ತಾಯತವನ್ನು ಬೇಡವೆನ್ನಲಿಲ್ಲ. ಆ ಕಾಲದವರು ಯಾವುದನ್ನೂ ಬೇಡವೆನ್ನುತ್ತಿರಲಿಲ್ಲ. ಆದರೆ ಮಾರನೆಯ ದಿನ ಬೆಳಗ್ಗೆ ಗದ್ದೆಯ ಬದುವಿಗೆ ಹೋಗಿ ಮಡಿಲು ತುಂಬ ಒಂದೆಲಗ ಕಿತ್ತು ತಂದಳು. ಅದನ್ನು ಏಳು ನೀರಿನಲ್ಲಿ ತೊಳೆದು, ಕೊಬ್ಬರಿ, ಜೀರಿಗೆ, ನಾಲ್ಕು ಕಾಳುಮೆಣಸು ಇಟ್ಟು ನುಣ್ಣಗೆ ಅರೆದು ಮೊಸರಿನಲ್ಲಿ ಕಲಸಿದಳು. ಮೊದಲ ತುತ್ತು ಅದರದು. ಸಂಜೆಗೆ ರಾಗಿಯ ಹುರಿಹಿಟ್ಟನ್ನು ಬೆಲ್ಲ, ತುಪ್ಪ, ಹಾಲಿನೊಡನೆ ಕಲಸಿ ಉಂಡೆ. ನಡುವೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ. ವಾರಕ್ಕೆರಡು ಸಲ ಎಣ್ಣೆನೀರು. ಇಷ್ಟನ್ನು ಮಾಡಿ, ಮನೆಯವರನ್ನೆಲ್ಲ ಕರೆದು ಅಜ್ಜಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: ‘ಒಂದು ತಿಂಗಳು ಇವಳಿಗೆ ಯಾರೂ ಕೆಲಸ ಹೇಳಕೂಡದು. ಯಾರೂ ಬಯ್ಯಕೂಡದು. ಇವಳ ಎಲೆ ಗಂಡಸರ ಸಾಲಿನಲ್ಲೇ ಬೀಳಬೇಕು.’

ಕೊನೆಯ ಮಾತಿಗೆ ಮನೆಯಲ್ಲಿ ಸ್ವಲ್ಪ ಗುಸುಗುಸು ಆಯಿತು. ಅದೇನು ಸಣ್ಣ ಮಾತಲ್ಲ. ಆ ಕಾಲದ ಮನೆಗಳಲ್ಲಿ ಊಟದ ಕ್ರಮ ಹೀಗಿತ್ತು: ಮೊದಲು ಗಂಡಸರು, ಜೊತೆಗೆ ಮಕ್ಕಳು, ಆಮೇಲೆ ಮನೆಯ ಹಿರಿಯ ಹೆಂಗಸರು, ಕಟ್ಟಕಡೆಗೆ ಸೊಸೆಯರು, ಅವರಲ್ಲೂ ಕಿರಿಯವಳು ಕೊನೆಗೆ. ಬಸ್ಸಾರು ಮಾಡಿದ ದಿನವನ್ನೇ ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಬಸಿದುಳಿದ ಸೊಪ್ಪು ಕಾಳು ಪಲ್ಯವಾಗುತ್ತದೆ. ಪಲ್ಯ ಮೊದಲ ಸಾಲಿಗೇ ಮುಗಿಯುವುದು. ಕೊನೆಗೆ ಕೂತವಳಿಗೆ ಆರಿದ ಮುದ್ದೆ, ನೀರು ಬೆರೆಸಿ ಉದ್ದ ಮಾಡಿದ ಸಾರು. ಹಬ್ಬದ ಮಾತು ಬೇರೆ. ನಾನು ಹೇಳುತ್ತಿರುವುದು ವರ್ಷದ ಉಳಿದ ದಿನಗಳ ಮಾತು.

ಹಾಗೆಂದು ನಮ್ಮ ಜನ ಹೆಣ್ಣಿನ ಊಟವನ್ನು ಕುರಿತು ಏನೂ ತಿಳಿಯದವರೆಂದಲ್ಲ. ಹುಡುಗಿ ಮೈನೆರೆದಾಗ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಿದ್ದ. ಕೊಬ್ಬರಿ ಬೆಲ್ಲ, ಚಿಗಳಿ, ತುಪ್ಪ ಹಾಕಿದ ಮೆಂತ್ಯದ ಅಡುಗೆ, ಮಾಂಸ ತಿನ್ನುವ ಮನೆಯಾದರೆ ನಾಟಿ ಕೋಳಿಯ ಸಾರು, ಮೊಟ್ಟೆ. ನೆಂಟರಿಷ್ಟರು ಬಂದು ಆರತಿ ಎತ್ತಿ, ಹಾಡು ಹೇಳಿ, ಮಡಿಲು ತುಂಬುತ್ತಿದ್ದರು. ಮತ್ತೆ ಬಾಣಂತಿಯಾದಾಗ ಅದೇ ಉಪಚಾರ, ಇನ್ನೂ ಹೆಚ್ಚಾಗಿ. ಎಳ್ಳಿನಲ್ಲಿ ಸುಣ್ಣದ ಅಂಶವೂ ಕಬ್ಬಿಣದ ಅಂಶವೂ ಧಾರಾಳವಾಗಿದೆಯೆಂದು ಈಗಿನ ಶಾಸ್ತ್ರಜ್ಞರು ಹೇಳುವುದನ್ನು ಆ ಹೆಂಗಸರು ಪ್ರಯೋಗಶಾಲೆಯಿಲ್ಲದೆ ಕಂಡುಕೊಂಡಿದ್ದರು. ಗೊತ್ತಿತ್ತು, ಆದರೆ ಗೊತ್ತಿದ್ದುದನ್ನು ಜೀವಮಾನದಲ್ಲಿ ಕೆಲವೇ ಸಲ, ಅದೂ ವಂಶ ಬೆಳೆಯುವ ಸಂದರ್ಭ ಬಂದಾಗ ನಡೆಸುತ್ತಿದ್ದರು. ಗುಡ್ಲಿನಿಂದ ಹೊರಗೆ ಬಂದ ಹುಡುಗಿ ಬಾಣಂತಿಯ ಕೋಣೆಯನ್ನು ಸೇರುವತನಕ ನಡುವಿನ ವರ್ಷಗಳಲ್ಲಿ ಏನು ಉಣ್ಣುತ್ತಾಳೆಂದು ಯಾರೂ ಕೇಳುತ್ತಿರಲಿಲ್ಲ. ನನ್ನ ಅತ್ತೆಗೆ ಮಂಕು ಹಿಡಿದದ್ದು ಆ ನಡುವಿನ ವರ್ಷಗಳಲ್ಲಿ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು 1970ರಲ್ಲಿ ಪ್ರಕಟಿಸಿದ ‘ಗೃಹಭಂಗ’ವನ್ನು ಓದಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಆ ಸೀಮೆಯ ಹಸಿವನ್ನೂ ಪ್ಲೇಗನ್ನೂ ಕಂಡ ನಂಜಮ್ಮ ಶ್ಯಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರವನ್ನು ಸಾಕುತ್ತಾಳೆ. ಪರರ ಊಟಕ್ಕೆ ಎಲೆ ಹಚ್ಚುವವಳ ಎಲೆಯ ಮೇಲೆ ಏನಿತ್ತು ಎಂದು ಕೇಳಿಕೊಂಡು ಆ ಕಾದಂಬರಿಯನ್ನು ಮತ್ತೊಮ್ಮೆ ಓದಬೇಕೆಂದು ನನ್ನ ಸಲಹೆ. ಅದು ಕಟ್ಟುಕಥೆಯಾದರೂ ಆ ಕಾಲದ ಅಡುಗೆಮನೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಸಿಕ್ಕುವುದು ಕಷ್ಟ.

ಅತ್ತೆಯ ವಿಚಾರಕ್ಕೆ ಬರುತ್ತೇನೆ. ಹದಿನೈದು ದಿನವಾದರೂ ಪೂರ್ತಿ ಗುಣ ಕಾಣಲಿಲ್ಲ. ನಮ್ಮ ತಂದೆ ಅವಳನ್ನು ಬಸ್ಸಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋಗಿ ಒಂದು ಆಸ್ಪತ್ರೆಯಲ್ಲಿ ತೋರಿಸಿದರು. ಅಲ್ಲಿಯ ಡಾಕ್ಟರಮ್ಮ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ಉಗುರನ್ನು ಒತ್ತಿ ನೋಡಿ, ‘ಇವಳಿಗೆ ಹಿಡಿದಿರುವುದು ಗಾಳಿಯಲ್ಲ, ಮೈಯಲ್ಲಿ ರಕ್ತವಿಲ್ಲ’ ಎಂದರಂತೆ. ಬರಿಗಾಲಲ್ಲಿ ಗದ್ದೆಯಲ್ಲಿ ದುಡಿಯುವವಳಲ್ಲವೆ, ಕೊಕ್ಕೆಹುಳುವೂ ಇದ್ದೀತೆಂದು ಅದಕ್ಕೂ ಔಷಧ ಕೊಟ್ಟು, ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅತ್ತೆಯನ್ನು ಒಬ್ಬಳನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೆಂದು ಅವಳು ಯಾರಿಗೂ ಹೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಅತ್ತೆ ಬಾವಿಯಿಂದ ನೀರು ಸೇದುತ್ತಿದ್ದಳು. ಸಂಕ್ರಾಂತಿಗೆ ಹಾಡು ಹೇಳುತ್ತಿದ್ದಳು.

ಇಲ್ಲಿ ಚರಿತ್ರೆಯನ್ನು ಬರೆಯುವವನಿಗೆ ಒಂದು ತೊಡಕು. ಅವಳನ್ನು ಗುಣಪಡಿಸಿದ್ದು ಯಾವುದು? ಒಂದೆಲಗವೆ, ಕಬ್ಬಿಣದ ಮಾತ್ರೆಯೆ, ಹುರಿಹಿಟ್ಟೆ, ಒಂದು ತಿಂಗಳ ವಿಶ್ರಾಂತಿಯೆ, ಆ ಡಾಕ್ಟರಮ್ಮ ಆಡಿದ ಮಾತೆ?

ಒಂದೆಲಗದ ವಿಚಾರದಲ್ಲಿ ನಾವು ಸ್ವಲ್ಪ ನಿಷ್ಠುರವಾಗಿರಬೇಕು. ನಮ್ಮ ಕಡೆ ಇದನ್ನು ಬ್ರಾಹ್ಮಿ ಎನ್ನುವುದುಂಟು, ಸರಸ್ವತಿ ಸೊಪ್ಪು ಎನ್ನುವುದುಂಟು. ಶಾಸ್ತ್ರದಲ್ಲಿ ಇದು ಮಂಡೂಕಪರ್ಣಿ. ನೀರುಬ್ರಾಹ್ಮಿ ಬೇರೆಯೇ ಗಿಡ. ಹೆಸರಿನ ಗೊಂದಲದಲ್ಲಿ ಒಂದರ ಕೀರ್ತಿ ಇನ್ನೊಂದಕ್ಕೆ ಸೇರಿಹೋಗಿದೆ. ಚರಕನು ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಮಂಡೂಕಪರ್ಣಿಯ ರಸ ಒಂದು. ಉಳಿದವು ಯಷ್ಟಿಮಧು, ಅಮೃತಬಳ್ಳಿ, ಶಂಖಪುಷ್ಪಿ. ಮೇಧ್ಯ ಎಂದರೆ ಬುದ್ಧಿಗೆ, ನೆನಪಿಗೆ ಹಿತವಾದದ್ದು ಎಂದರ್ಥ. ಬ್ರಾಹ್ಮೀಘೃತವನ್ನು ಉನ್ಮಾದ, ಅಪಸ್ಮಾರಗಳಿಗೂ ಹೇಳಿದೆ. ಆದರೆ ದಿನನಿತ್ಯದ ಬೇಸರವನ್ನು ಈ ಸೊಪ್ಪು ಓಡಿಸುತ್ತದೆಂದು ಈಗ ಅಂಗಡಿಯ ಸೀಸೆಗಳ ಮೇಲೆ ಬರೆಯುವಷ್ಟು ಧೈರ್ಯ ಹಳಬರಿಗೆ ಇರಲಿಲ್ಲ. ಇಲಿಗಳ ಮೇಲೆ ನಡೆದ ಪರೀಕ್ಷೆಗಳು ಆಸೆ ಹುಟ್ಟಿಸುವಂತಿದ್ದರೂ ಮನುಷ್ಯರ ಮೇಲೆ ನಡೆದವು ಚಿಕ್ಕವು, ಕೆಲವೇ. ಸೊಪ್ಪಾಗಿ ತಿನ್ನುವುದಕ್ಕೆ ಅದು ಒಳ್ಳೆಯದು. ಮದ್ದೆಂದು ನಂಬಿ ಬೇರೆ ಚಿಕಿತ್ಸೆಯನ್ನು ಬಿಡುವುದಕ್ಕೆ ಅದು ಸಾಲದು.

ಅಶ್ವಗಂಧದ ಕಥೆ ಸ್ವಲ್ಪ ಭಿನ್ನ. ಹಳಬರು ಹಿರೇಮದ್ದು ಎನ್ನುತ್ತಿದ್ದ ಈ ಬೇರು ಆತಂಕವನ್ನೂ ನಿದ್ರಾಹೀನತೆಯನ್ನೂ ಸ್ವಲ್ಪ ತಗ್ಗಿಸಬಹುದೆಂದು ಕೆಲವು ಸಣ್ಣ ಪರೀಕ್ಷೆಗಳು ಹೇಳುತ್ತವೆ. ಅದೇ ಬೇರಿನ ಗುಳಿಗೆಗಳನ್ನು ನುಂಗಿದ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದದ್ದೂ ವರದಿಯಾಗಿದೆ. ಗರ್ಭಿಣಿಯರು ಅದನ್ನು ಮುಟ್ಟಬಾರದು. ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಸಾಧುವೆಂದು ತಿಳಿಯುವವರು ನಮ್ಮ ಮಂಗರಾಜನನ್ನು ನೆನೆಯಬೇಕು; ಹಾವು ಚೇಳುಗಳ ವಿಷದ ಜೊತೆಗೆ ಗಿಡಮೂಲಗಳ ವಿಷವನ್ನೂ ಕುರಿತು ಅವನು ಬರೆದಿದ್ದಾನೆ.

ಎಲ್ಲಕ್ಕಿಂತ ಹೆಚ್ಚಿನ ಪಾಠ ಸರ್ಪಗಂಧದ್ದು. ನಮ್ಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಈ ಬೇರನ್ನು ಹುಚ್ಚಿಗೆಂದು ಭಾರತದಲ್ಲಿ ಬಹುಕಾಲದಿಂದ ಬಳಸುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದರ ಬಗ್ಗೆ ಬರೆದರು. 1949ರಲ್ಲಿ ಬೊಂಬಾಯಿಯ ಡಾಕ್ಟರ್ ರುಸ್ತುಮ್ ಜಾಲ್ ವಕೀಲ್ ರಕ್ತದೊತ್ತಡಕ್ಕೆ ಇದರ ಉಪಯೋಗವನ್ನು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಪ್ರಪಂಚವೇ ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಇದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಉದ್ರೇಕಗೊಂಡ ರೋಗಿಗಳು ಶಾಂತರಾದರು. ಕೆಲವೇ ವರ್ಷಗಳಲ್ಲಿ ಇನ್ನೊಂದು ವಿಷಯ ಬೆಳಕಿಗೆ ಬಂತು: ರಕ್ತದೊತ್ತಡಕ್ಕೆಂದು ಇದನ್ನು ಸೇವಿಸಿದವರಲ್ಲಿ ಕೆಲವರಿಗೆ ತೀವ್ರವಾದ ವಿಷಾದ ಕವಿದಿತ್ತು. ಈ ಕಾರಣ ಕಾರ್ಯ ಸಂಬಂಧದ ಬಗ್ಗೆ ಈಗಲೂ ವಾದಗಳಿವೆ. ಆದರೆ ಮೆದುಳಿನ ರಾಸಾಯನಿಕಗಳಿಗೂ ಮನಸ್ಸಿನ ಬೇಸರಕ್ಕೂ ಇರುವ ನಂಟನ್ನು ವಿಜ್ಞಾನಿಗಳು ಹುಡುಕತೊಡಗಿದ್ದಕ್ಕೆ ಇದೂ ಒಂದು ಪ್ರೇರಣೆಯಾಯಿತು. ನಮ್ಮ ಬೇರು ಒಂದು ಮನೆಯ ಗದ್ದಲವನ್ನು ಅಡಗಿಸಿ ಇನ್ನೊಂದು ಮನೆಯ ದೀಪವನ್ನು ಆರಿಸಿತ್ತು.

ಮನಸ್ಸಿನ ರೋಗವನ್ನು ಕುರಿತು ಕನ್ನಡಿಗರು ನಾಚಿಕೆ ಬಿಟ್ಟು ಮಾತಾಡತೊಡಗಿದ್ದು ಅದೇ ಹೊತ್ತಿನಲ್ಲಿ. ಬಾನುಲಿಗೂ ಮನಸ್ಸಿಗೂ ನಮ್ಮ ನಾಡಿನಲ್ಲಿ ಹಳೆಯ ನಂಟಿದೆ: 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ ಅವರೇ ಮನಸ್ಸಿನ ಒಳಗನ್ನು ಕುರಿತು ‘ಮನಮಂಥನ’ವನ್ನು ಬರೆದರು, ಅದಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಹೆರಿಗೆಯ ಮೇಲೆ ಬಂದ ಮನೋರೋಗದಿಂದ ಗುಣವಾಗಿ ಮನೆಗೆ ಬಂದರೂ ಸುತ್ತಲಿನವರ ಅನುಮಾನ ಅವಳನ್ನು ಮತ್ತೆ ಆಸ್ಪತ್ರೆಗೆ ದೂಡುತ್ತದೆ. 1971ರಲ್ಲಿ ಅದು ಚಲನಚಿತ್ರವಾದಾಗ ಹಾಸನದ ಟಾಕೀಸಿನಲ್ಲಿ ನೋಡಿ ಹೊರಗೆ ಬಂದ ಹೆಂಗಸರು ಮಾತಿಲ್ಲದೆ ಜಟಕಾ ಹತ್ತಿದ್ದು ನನಗೆ ನೆನಪಿದೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು ಹರೆಯದ ಹುಡುಗಿಯರಿಗೆಂದೇ ‘ಕೇಳು ಕಿಶೋರಿ’ಯನ್ನು ಬರೆದರು. ಸೋಮನಾಥ, ಮಂಗರಾಜರ ಸಾಲಿನಲ್ಲಿ ನಾನು ಹುಡುಕಿದ ಪುಸ್ತಕ ಕಡೆಗೆ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಒಬ್ಬ ಹೆಂಗಸಿನ ಕೈಯಿಂದ.

ಇನ್ನು ಊಟ. ರಾಗಿಯ ದೊಡ್ಡತನವನ್ನು ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ತೀರ್ಮಾನಿಸಿಬಿಟ್ಟಿದ್ದಾರೆ, ಅಕ್ಕಿಯೂ ರಾಗಿಯೂ ಜಗಳವಾಡಿ ಸೆರೆಗೆ ಬಿದ್ದು, ಆರು ತಿಂಗಳ ಮೇಲೆ ಗಟ್ಟಿಯಾಗಿ ಹೊರಗೆ ಬಂದದ್ದು ರಾಗಿ. ಪೌಷ್ಟಿಕ ಶಾಸ್ತ್ರದ ತೀರ್ಪೂ ಅದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ ಸುಮಾರು 364 ಮಿಲಿಗ್ರಾಂ, ಕಬ್ಬಿಣ 4.6 ಮಿಲಿಗ್ರಾಂ, ಗಿರಣಿಯಲ್ಲಿ ಬೆಳ್ಳಗೆ ಮಾಡಿದ ಅಕ್ಕಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ಹುರುಳಿಯಲ್ಲಿ ಕಬ್ಬಿಣ ರಾಗಿಗಿಂತ ಹೆಚ್ಚು. ರಾಗಿ, ಹುರುಳಿಗಳನ್ನು ಮೊಳಕೆ ಬರಿಸಿದರೆ ಆ ಕಬ್ಬಿಣ ಮೈಗೆ ಇನ್ನೂ ಸುಲಭವಾಗಿ ಹತ್ತುತ್ತದೆ. ಮಸ್ಸೊಪ್ಪಿಗೆ ನಿಂಬೆಹಣ್ಣು ಹಿಂಡಿದರೆ, ಊಟದ ಜೊತೆ ಒಂದು ನೆಲ್ಲಿಕಾಯಿ ಕಡಿದರೆ, ಸೊಪ್ಪಿನ ಕಬ್ಬಿಣವೂ ಹಾಗೆಯೇ. ಉಂಡ ಕೂಡಲೇ ಕಾಫಿ, ಟೀ ಕುಡಿದರೆ ಇದು ತಲೆಕೆಳಗಾಗುತ್ತದೆ. ಕಾಫಿಯ ನಾಡಾದ ನಮ್ಮ ಜಿಲ್ಲೆಗೆ ಈ ಮಾತು ಹಿಡಿಸುವುದಿಲ್ಲವೆಂದು ಬಲ್ಲೆ, ಆದರೂ ಒಂದು ಗಂಟೆ ತಡೆಯಬಹುದು.

ಆದರೆ ಊಟವೂ ಬದಲಾಯಿತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು 1979ರಲ್ಲಿ ಮುಗಿದು ನಾಲೆಗಳು ಹರಿದವು, ಅನ್ನ ಹೆಚ್ಚಿತು. ಅನ್ನ ಹೆಚ್ಚಿದ್ದು ಸಂತೋಷವೇ. ಅದರೊಡನೆ ಮುದ್ದೆ ಬಡವರ ಊಟ, ಹುಚ್ಚೆಳ್ಳಿನ ಚಟ್ನಿ ಹಳ್ಳಿಗರ ಊಟ ಎಂಬ ಭಾವನೆಯೂ ಬೆಳೆಯಿತು. ಹೊಲದಲ್ಲಿ ಕಳೆ ಕೀಳುವಾಗ ಹೆಂಗಸರು ಮಡಿಲಿಗೆ ಹಾಕಿಕೊಳ್ಳುತ್ತಿದ್ದ ಬೆರಕೆಸೊಪ್ಪು, ಎಂದರೆ ಅಣ್ಣೆ, ಹೊನಗೊನೆ, ಗಣಿಕೆ, ಕನ್ನೆ, ಕಳೆನಾಶಕದ ದಿನಗಳಲ್ಲಿ ಅಪರೂಪವಾಯಿತು. ಅರಕಲಗೂಡಿನ ರಾಮನಾಥಪುರದಲ್ಲಿ ಈಗ ಹರಾಜಾಗುವ ಸೊಪ್ಪು ಹೊಗೆಸೊಪ್ಪು. ಅದು ಹಣ ತರುತ್ತದೆ, ನಿಜ.

ನನ್ನ ಅತ್ತೆಯ ಕಾಲದಿಂದ ಇಲ್ಲಿಗೆ ಎಷ್ಟು ದೂರ ಬಂದಿದ್ದೇವೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ಶೇಕಡ 57, ಕರ್ನಾಟಕದಲ್ಲಿ ಶೇಕಡ 47.8. ಅದಕ್ಕೆ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ಶೇಕಡ 44.8 ಇತ್ತು, ಇಳಿಯಬೇಕಾದದ್ದು ಏರಿದೆ. ದೇಶದ ಗಂಡಸರಲ್ಲಿ ಅದೇ ವಯಸ್ಸಿನವರ ಅಂಕಿ ಶೇಕಡ 25. ದಿನಕ್ಕೆ ಬೇಕಾದ ಕಬ್ಬಿಣ ಗಂಡಸಿಗೆ 19 ಮಿಲಿಗ್ರಾಂ, ಹೆಂಗಸಿಗೆ 29 ಎಂದು 2020ರಲ್ಲಿ ನಿಗದಿಯಾಗಿದೆ. ಎಂದರೆ, ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವಳಿಗೆ ಒಂದೂವರೆ ಪಾಲು ಬೇಕು. ನಮ್ಮ ಮನೆಗಳ ಪಂಕ್ತಿ ಇದನ್ನು ಸರಿಯಾಗಿ ತಿರುಗುಮುರುಗು ಮಾಡಿತ್ತು. ಸರ್ಕಾರ ಹತ್ತು ಹನ್ನೆರಡು ವರ್ಷಗಳಿಂದ ಶಾಲೆಯ ಮಕ್ಕಳಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊಡುತ್ತಿದೆ. ಹೊಟ್ಟೆ ತೊಳಸುತ್ತದೆಂದು ಹುಡುಗಿಯರು ಕಿಟಕಿಯಿಂದ ಹೊರಗೆ ಎಸೆಯುವುದೂ ಉಂಟು. ಊಟದ ಮೇಲೆ ನುಂಗಿದರೆ ತೊಳಸುವುದು ಕಡಮೆ ಎಂದು ಹೇಳುವವರಿಲ್ಲ.

ಎಲ್ಲ ಬೇಸರಕ್ಕೂ ರಕ್ತಹೀನತೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಆಯಾಸ, ಏದುಸಿರು, ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು ಇವು ಅದರ ಗುರುತುಗಳು ಹೌದು. ಥೈರಾಯಿಡ್ ಗ್ರಂಥಿಯ ತೊಂದರೆ, ಬಿ ಹನ್ನೆರಡು ಜೀವಸತ್ತ್ವದ ಕೊರತೆ ಕೂಡ ಮಂಕಿನ ವೇಷದಲ್ಲಿ ಬರುತ್ತವೆ. ಮೈಯಲ್ಲಿ ಯಾವ ಕೊರತೆಯೂ ಇಲ್ಲದೆ ಬರುವ ಖಿನ್ನತೆಯೂ ಉಂಟು. ಎರಡು ವಾರವಾದರೂ ಬಿಡದೆ ಕಾಡುವ ಬೇಸರವನ್ನು, ಬದುಕೇ ಬೇಡವೆನ್ನಿಸುವ ಬೇಸರವನ್ನು ಚಟ್ನಿ ಅರೆದು ಓಡಿಸಲಾಗದು. ಹಾಸನದಲ್ಲಿಯೇ 1992ರಿಂದ ಆಯುರ್ವೇದದ ಕಾಲೇಜೂ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇವೆ. ಬಸ್ಸು ಹತ್ತಲಾಗದವರಿಗೆ 2022ರಿಂದ ‘ಟೆಲಿ ಮನಸ್’ ಎಂಬ ದೂರವಾಣಿ ಸೇವೆ ಇದೆ. ಸಂಖ್ಯೆ 14416, ಕನ್ನಡದಲ್ಲಿಯೇ ಮಾತಾಡಬಹುದು. ಲಕ್ಷ್ಮೀಮತಿಯ ನಾಲ್ಕು ದಾನಗಳಲ್ಲಿ ಅಭಯವೆಂದದ್ದು ಇದನ್ನೂ ಒಳಗೊಳ್ಳಬಹುದೆಂದು ನನ್ನ ಊಹೆ.

ಅತ್ತೆ ಮತ್ತೆ ಗಂಡನ ಮನೆಗೆ ಹೋದಳು. ಹೋಗುವಾಗ ಅಜ್ಜಿ ಜೊತೆಯಲ್ಲಿ ಹೋಗಿ, ಬೀಗಿತ್ತಿಯ ಹತ್ತಿರ ಏನೋ ಮಾತಾಡಿ ಬಂದಳಂತೆ. ನಾಲ್ಕು ಮಕ್ಕಳ ತಾಯಿಯಾಗಿ, ಮೊಮ್ಮಕ್ಕಳನ್ನು ಕಂಡು ಅತ್ತೆ ಬಹುಕಾಲ ಬಾಳಿದಳು. 1998ರಲ್ಲಿ ಅರಕಲಗೂಡಿಗೆ ಹೋಗಿದ್ದಾಗ ನಾನು ಅವಳನ್ನೇ ಕೇಳಿದೆ: ‘ಅತ್ತೆ, ಆವತ್ತು ನಿನಗೆ ಗುಣವಾದದ್ದು ಯಾವುದರಿಂದ? ಸೊಪ್ಪಿನಿಂದಲೋ ಮಾತ್ರೆಯಿಂದಲೋ?’

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ‘ನಂಗೇನು ಗೊತ್ತು ಕಣಪ್ಪ. ನಮ್ಮವ್ವ ನನ್ನ ಮುಂದೆ ಕೂತ್ಕಂಡು, ಉಣ್ಣೋದು ಮುಗಿಯೋವರ್ಗೂ ಏಳ್ತಿರ್ಲಿಲ್ಲ’ ಎಂದಳು.

ಅವಳ ಮನೆಯ ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದೆಲಗ ದಟ್ಟವಾಗಿ ಹಬ್ಬಿತ್ತು. ಬಚ್ಚಲ ನೀರಿನದನ್ನು ತಿನ್ನಬಾರದೆಂದು ಹೇಳಿ ಮೊಮ್ಮಗಳನ್ನು ಕೆರೆಯ ಏರಿಯ ಕಡೆಗೆ ಕಳುಹಿಸಿದಳು. ಬಂದ ಸೊಪ್ಪನ್ನು ತಾನೇ ತೊಳೆದು, ಅರೆದು, ಮೊಸರಿನಲ್ಲಿ ಕಲಸಿ, ನನಗೂ ಮಗನಿಗೂ ಸೊಸೆಗೂ ಮೊಮ್ಮಗಳಿಗೂ ಒಂದೇ ಸಾಲಿನಲ್ಲಿ ಎಲೆ ಹಾಕಿಸಿ, ತಾನೂ ಪಕ್ಕದಲ್ಲಿ ಕೂತಳು.